ಸ್ನೋ ಬಿದ್ದ ದಿನ ಮೇಯರ್ ನೆನಪಾಗ್ತಾರೆ

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. "ಅಕ್ಕಾ, ಶಿಕಾಗೋಗೆ ಬಂದು ಎರಡು ತಿಂಗಳಾಯ್ತು. ಆಫೀಸಲ್ಲಿ ಎಲ್ಲರೂ ಒಂದೋ ಈಗಿನ ಮೇಯರ್‌ನ ಬೈತಾರೆ, ಇಲ್ಲಾ ಹಳೇ ಮೇಯರ್‌ಗಳ ಕಥೆ ಹೇಳ್ತಾರೆ. ಬೆಂಗಳೂರಲ್ಲಿ ಹತ್ತು ವರ್ಷ ಇದ್ದೆ, ಒಬ್ಬ ಮೇಯರ್ ಹೆಸರೂ ನೆನಪಿಲ್ಲ. ಇಲ್ಲೇನು ಅಂಥಾ ವಿಶೇಷ?" ಅಂತ ಕೇಳಿದ್ದೀಯ.

ನೆನಪಿಲ್ಲದ್ದು ನಿನ್ನ ತಪ್ಪಲ್ಲ ಬಿಡು. ನೀನಿದ್ದಾಗ ಅಲ್ಲಿ ಆ ಕುರ್ಚಿ ಒಂದು ವರ್ಷದ್ದಾಗಿತ್ತು. ಗೌನು ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋ ಹೊತ್ತಿಗೆ ಮುಂದಿನವರ ಸರದಿ ಬಂದಿರ್ತಿತ್ತು. ಕಡತಕ್ಕೆ ಸಹಿ ಹಾಕೋರು ಕಮಿಷನರ್. ಇಲ್ಲಿ ಜನವೇ ನೇರವಾಗಿ ವೋಟು ಹಾಕಿ ನಾಲ್ಕು ವರ್ಷಕ್ಕೆ ಕೂರಿಸ್ತಾರೆ, ಎಷ್ಟು ಸಲ ಬೇಕಾದ್ರೂ ನಿಲ್ಲಬಹುದು. ಡೇಲಿ ಅನ್ನೋ ಅಪ್ಪ 1955ರಿಂದ 1976ರಲ್ಲಿ ಸಾಯೋವರೆಗೂ ಇಳೀಲಿಲ್ಲ. ಮಗ 1989ರಲ್ಲಿ ಬಂದು 2011ರ ತನಕ ಕೂತು ಅಪ್ಪನ ದಾಖಲೆ ಮುರಿದ. ಇಬ್ಬರದ್ದೂ ಸೇರಿದ್ರೆ 43 ವರ್ಷ. ನಮ್ಮೂರ ಪಟೇಲಿಕೆ ಥರ ಅಂದ್ಕೋ.

ಆದ್ರೆ ಇಲ್ಲಿಯವರಿಗೆ ಮೇಯರ್ ಅಂದ್ರೆ ಮೊದಲು ನೆನಪಾಗೋದು ಸ್ನೋ. ಆ ಕಥೆ ಕೇಳು. ದೊಡ್ಡ ಡೇಲಿ ಸತ್ತ ಮೇಲೆ ಬಿಲಾಂಡಿಕ್ ಅನ್ನೋರು ಬಂದ್ರು. ಅವರ ಡೆಮಾಕ್ರಟಿಕ್ ಪಕ್ಷದ ಬಲ ಹೇಗಿತ್ತು ಅಂದ್ರೆ ಅವರನ್ನ ಅಲುಗಾಡಿಸೋರೇ ಇಲ್ಲ ಅಂತ ಎಲ್ಲರೂ ನಂಬಿದ್ರು. 1979ರ ಜನವರಿಯಲ್ಲಿ ಒಂದು ವಾರಾಂತ್ಯಕ್ಕೆ ಸುಮಾರು 20 ಇಂಚು ಸ್ನೋ ಬಿತ್ತು, ಅದಕ್ಕೆ ಮುಂಚಿನದ್ದೇ ಇನ್ನೂ ಕರಗಿರಲಿಲ್ಲ. ರಸ್ತೆ ಮೇಲಿನ ಸ್ನೋ ತೆಗೆಯೋಕಾಗ್ಲಿಲ್ಲ. ಕಾರುಗಳನ್ನ ಶಾಲೆಗಳ ಪಾರ್ಕಿಂಗ್ ಜಾಗಕ್ಕೆ ಒಯ್ಯಿರಿ, ಅಲ್ಲೆಲ್ಲಾ ಕ್ಲೀನ್ ಆಗಿದೆ ಅಂದ್ರಂತೆ ಮೇಯರ್. ಹೋಗಿ ನೋಡಿದ್ರೆ ಅಲ್ಲೂ ಸೊಂಟದುದ್ದ ಸ್ನೋ. ಅದಕ್ಕಿಂತ ಕೆಟ್ಟದ್ದು, ರೈಲು ಬೇಗ ಓಡಲಿ ಅಂತ ಕಪ್ಪು ಜನರ ಬಡಾವಣೆಗಳ ಸ್ಟೇಷನ್‌ಗಳಲ್ಲಿ ನಿಲ್ಲಿಸದೇ ಮುಂದೆ ಹೋಗೋ ಹಾಗೆ ಮಾಡಿದ್ರು. ಚಳಿಯಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತವರ ಕಣ್ಣೆದುರೇ ರೈಲು ಹೋಗ್ತಿತ್ತು. ಫೆಬ್ರವರಿ ಕೊನೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಪಕ್ಷದೊಳಗಿನ ಚುನಾವಣೆ. ಬಿಲಾಂಡಿಕ್ಕೇ ಕೆಲಸದಿಂದ ತೆಗೆದುಹಾಕಿದ್ದ ಜೇನ್ ಬರ್ನ್ ಅನ್ನೋ ಹೆಂಗಸು ಎದುರು ನಿಂತು ಗೆದ್ದುಬಿಟ್ರು, ಈ ಊರಿನ ಮೊದಲ ಮಹಿಳಾ ಮೇಯರ್ ಆದ್ರು. ಅವತ್ತಿನಿಂದ ಇಲ್ಲಿ ಯಾರೇ ಮೇಯರ್ ಆಗಲಿ, ಆಕಾಶದಲ್ಲಿ ಮೋಡ ಕಂಡ ಕೂಡಲೇ ಸ್ನೋ ಕರಗಿಸೋ ಉಪ್ಪಿನ ಲಾರಿ ರಸ್ತೆಗಿಳಿಸ್ತಾರೆ. ಹೋದ ವಾರ ನಿನ್ನ ಬೀದೀಲಿ ಬೆಳಗಿನ ಜಾವ ಗಡಗಡ ಸದ್ದಾಯ್ತು ಅಂತ ಗೊಣಗಿದ್ಯಲ್ಲ, ಅದು ಬಿಲಾಂಡಿಕ್ ಕಲಿಸಿದ ಪಾಠ.

ಇನ್ನೊಬ್ಬರು ಹೆರಾಲ್ಡ್ ವಾಷಿಂಗ್ಟನ್, 1983ರಲ್ಲಿ ಗೆದ್ದ ಮೊದಲ ಕಪ್ಪು ಮೇಯರ್. ಇಲ್ಲಿ 50 ವಾರ್ಡು, ಒಂದೊಂದಕ್ಕೂ ಒಬ್ಬ ಆಲ್ಡರ್‌ಮನ್, ನಮ್ಮ ಕಾರ್ಪೊರೇಟರ್ ಇದ್ದ ಹಾಗೆ. ಅವರಲ್ಲಿ 29 ಜನ ಒಟ್ಟಾಗಿ ಆತ ಏನು ತಂದ್ರೂ ಬೀಳಿಸೋರು. ಜೊತೆಗಿದ್ದೋರು 21. ಮೂರು ವರ್ಷ ಇದೇ ಜಗ್ಗಾಟ. ಕೋರ್ಟು ಹೇಳಿ ಕೆಲವು ವಾರ್ಡುಗಳಲ್ಲಿ ಮತ್ತೆ ಚುನಾವಣೆ ನಡೆದು 1986ರಲ್ಲಿ 25-25 ಆಯ್ತು, ಮೇಯರ್ ವೋಟಿಗೆ ಬೆಲೆ ಬಂತು. ಮರುವರ್ಷ ಮತ್ತೆ ಗೆದ್ದು, ನವೆಂಬರ್‌ನಲ್ಲಿ ಸಿಟಿ ಹಾಲ್‌ನ ತಮ್ಮ ಮೇಜಿನ ಹತ್ತಿರವೇ ಹೃದಯ ನಿಂತು ಹೋದ್ರು. ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ ಒಬ್ಬ ಹಿರಿಯ ಕಪ್ಪು ಮಹಿಳೆ ಇದ್ರು. ಅವರ ಮೇಜಿನ ಮೇಲೆ ಮೊಮ್ಮಕ್ಕಳ ಪಕ್ಕದಲ್ಲಿ ಹೆರಾಲ್ಡ್ ಫೋಟೋ. ಮನೆಯವರೊಬ್ಬರ ಬಗ್ಗೆ ಮಾತಾಡೋ ಹಾಗೆ ಬರೀ "ಹೆರಾಲ್ಡ್" ಅಂತಿದ್ರು. ನನಗೆ ಈ ಊರು ಅರ್ಥವಾಗಿದ್ದು ಅವರ ಜೊತೆ ಊಟಕ್ಕೆ ಕೂತ ಮೇಲೆ.

ನೀನೂ ದಿನಾ ಮೇಯರ್‌ಗಳ ಮೇಲೇ ಓಡಾಡ್ತಿದ್ದೀಯ ಕಣೋ. ಆಗ್ಡೆನ್ ಅವೆನ್ಯೂ ಅಂದ್ರೆ 1837ರ ಮೊದಲ ಮೇಯರ್. ರೇಡಿಯೋದಲ್ಲಿ ಯಾವಾಗ ನೋಡಿದ್ರೂ ಟ್ರಾಫಿಕ್ ಜಾಮ್ ಅನ್ನೋ ಬರ್ನ್ ಇಂಟರ್‌ಚೇಂಜ್, ಆ ಜೇನ್ ಬರ್ನ್. ಚೈನಾಟೌನ್‌ಗೆ ಇಳಿಯೋ ಸ್ಟೇಷನ್ ಹೆಸರಲ್ಲಿರೋ ಸರ್ಮ್ಯಾಕ್ ಬೊಹೀಮಿಯಾದಲ್ಲಿ ಹುಟ್ಟಿ ಮಗುವಾಗಿ ಬಂದವರು, ನಮ್ಮ ಹಾಗೇ ಹೊರಗಿನವರು. 1933ರಲ್ಲಿ ಮಯಾಮಿಯಲ್ಲಿ, ಆಗಷ್ಟೇ ದೇಶದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ರೂಸ್‌ವೆಲ್ಟ್‌ಗೆ ಅಂತ ಹಾರಿಸಿದ ಗುಂಡು ಇವರಿಗೆ ತಗುಲಿ, ಸುಮಾರು ಮೂರು ವಾರ ನರಳಿ ಹೋದ್ರು.

ಪಾರ್ಕಿಂಗ್ ಮೀಟರ್‌ಗೆ ಇಷ್ಟು ದುಡ್ಡಾ ಅಂತ ಬಾಯಿ ಬಾಯಿ ಬಿಟ್ಟಿದ್ದೆಯಲ್ಲ, ಅದು ಸಣ್ಣ ಡೇಲಿಯ ಉಡುಗೊರೆ. 2008ರಲ್ಲಿ ಊರಿನ ಮೀಟರ್‌ಗಳನ್ನೆಲ್ಲ 115 ಕೋಟಿ ಡಾಲರ್‌ಗೆ 75 ವರ್ಷ ಖಾಸಗಿಯವರಿಗೆ ಗುತ್ತಿಗೆ ಕೊಟ್ಟುಬಿಟ್ರು. ಕೆಲವೇ ದಿನದಲ್ಲಿ ಕೌನ್ಸಿಲ್ ಒಪ್ಪಿಗೆಯೂ ಆಯ್ತು, ಬೇಡ ಅಂದವರು ಐದೇ ಜನ. ಅದೇ ಮನುಷ್ಯ ಮಿಲೇನಿಯಂ ಪಾರ್ಕ್ ಕಟ್ಟಿಸಿದ್ದು ಅನ್ನೋದನ್ನೂ ಹೇಳ್ಬೇಕು. ನಿಮ್ಮಮ್ಮ ಬಂದಾಗ ಫೋಟೋ ತೆಗೆಸೋಕೆ ಅಲ್ಲಿಗೇ ಕರ್ಕೊಂಡು ಹೋಗ್ತೀಯ.

ನಿನಗೆ ವೋಟಿಲ್ಲ, ಸಿಟಿಜನ್ ಆಗೋವರೆಗೂ ಇರಲ್ಲ. ಹಾಗಂತ ಬಾಯಿಲ್ಲ ಅಂದ್ಕೋಬೇಡ. ಬೀದಿದೀಪ ಕೆಟ್ಟರೆ, ರಸ್ತೇಲಿ ಗುಂಡಿ ಬಿದ್ದರೆ 311ಕ್ಕೆ ಫೋನ್ ಮಾಡು. ಆಗ್ಲಿಲ್ಲ ಅಂದ್ರೆ ನಿನ್ನ ವಾರ್ಡಿನ ಆಲ್ಡರ್‌ಮನ್ ಆಫೀಸಿಗೆ ಹೋಗು, ನೀನು ಯಾವ ವೀಸಾದಲ್ಲಿದ್ದೀಯ ಅಂತ ಅಲ್ಲಿ ಯಾರೂ ನನ್ನನ್ನ ಕೇಳಿದ್ದಿಲ್ಲ. ಮುಂದೆ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಗೆ ಹೋದ್ರೆ, ಶಾಲೆಯ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಅಪ್ಪ-ಅಮ್ಮ ಸಿಟಿಜನ್ ಅಲ್ಲದಿದ್ರೂ ವೋಟು ಹಾಕಬಹುದು. ನನ್ನ ಮೊದಲ ವೋಟು ಅದೇ.

ಇನ್ನೊಂದು, ಮುಖ್ಯವಾದದ್ದು. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ದೊಡ್ಡ ರಸ್ತೆಗಳಲ್ಲಿ ರಾತ್ರಿ 3ರಿಂದ ಬೆಳಿಗ್ಗೆ 7ರ ತನಕ ಕಾರು ನಿಲ್ಲಿಸೋ ಹಾಗಿಲ್ಲ, ಸ್ನೋ ಬೀಳಲಿ ಬೀಳದಿರಲಿ. ಮೊದಲ ಚಳಿಗಾಲದಲ್ಲಿ ನಾನು ಬೋರ್ಡು ನೋಡದೇ ನಿಲ್ಲಿಸಿ, ಬೆಳಿಗ್ಗೆ ಎದ್ದು ಕಾರು ಕಳ್ಳತನ ಆಯ್ತು ಅಂತ ಅಳ್ತಾ ಪೊಲೀಸರಿಗೆ ಫೋನ್ ಮಾಡಿದ್ದೆ. ಅವರು ನಕ್ಕು, ಎಳೆದುಕೊಂಡು ಹೋದ ಕಾರುಗಳ ಯಾರ್ಡಿನ ವಿಳಾಸ ಕೊಟ್ರು. ಇವತ್ತು ಮಲಗೋ ಮುಂಚೆ ಕೆಳಗಿಳಿದು, ಕಾರು ನಿಲ್ಲಿಸಿರೋ ಕಡೆ ಕಂಬದ ಮೇಲಿನ ಬೋರ್ಡಲ್ಲಿ ಏನು ಬರೆದಿದೆ ನೋಡ್ಕೊಂಡು ಬಾ.