ಅಪ್ಪನಿಗೆ 30 ಸಿಟ್ಟಿಂಗ್ ಕರೆಂಟ್ ಇಡಬೇಕಂತೆ, ತುಂಬಾ ನೋವಾಗುತ್ತಾ?

ನಿಮ್ಮ ತಂದೆಯವರಿಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಮುಗಿದಿದೆ, ಈಗ 30 ಸಿಟ್ಟಿಂಗ್ ರೇಡಿಯೇಷನ್ ಬರೆದಿದ್ದಾರೆ ಅಂದಿದ್ದೀರಿ. ನೋವಾಗುತ್ತಾ, ಮನೆಯಲ್ಲಿರುವ ಪುಟ್ಟ ಮಗುವನ್ನು ಹತ್ತಿರ ಬಿಡಬಹುದಾ, ಊರಿಂದಲೇ ಓಡಾಡಬಹುದಾ ಅಂತ ಕೇಳಿದ್ದೀರಿ. ನನಗೂ ಅದೇ ಜಾಗ, ಅಷ್ಟೇ ಸಿಟ್ಟಿಂಗ್. 2022ರ ಮಳೆಗಾಲದಲ್ಲಿ ಬೆಂಗಳೂರಲ್ಲಿ ಆಯಿತು. ನಾನು ಡಾಕ್ಟರ್ ಅಲ್ಲ, ಸಾಗರದ ಕಡೆಯ ಅಡಿಕೆ ತೋಟದವನು. ಪಟ್ಟಿದ್ದನ್ನು ಹೇಳುತ್ತೇನೆ, ಔಷಧಿಯ ಮಾತು ನಿಮ್ಮ ಡಾಕ್ಟರದ್ದೇ ನಡೆಯಲಿ.

ಕರೆಂಟ್ ಇಡುವಾಗ ನೋವಿಲ್ಲ. ಎಲ್ಲರೂ 'ಕರೆಂಟ್' ಅನ್ನುವುದನ್ನು ಕೇಳಿ ಕೇಳಿ ಶಾಕ್ ಹೊಡೆಯುತ್ತದೆ ಅಂತಲೇ ನಾನು ನಂಬಿದ್ದೆ. ಮೊದಲ ದಿನ ಹಲ್ಲು ಕಚ್ಚಿ ಮಲಗಿದ್ದೆ. ಏನೂ ಆಗಲಿಲ್ಲ. ದೊಡ್ಡ ಮೆಷಿನ್ ತಲೆಯ ಸುತ್ತ ತಿರುಗುತ್ತದೆ, ಗುಂಯ್ ಅನ್ನುತ್ತದೆ, ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಎಕ್ಸ್‌ರೇ ತೆಗೆಸಿದ ಹಾಗೆ. ಮೆಷಿನ್ ನಿಂತರೆ ಕಿರಣವೂ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಲಿ ಬಿಡಿ. ನನ್ನ ತಂಗಿಯ ಮೊಮ್ಮಗಳು ದಿನಾ ಸಂಜೆ ನನ್ನ ಹತ್ತಿರವೇ ಇರುತ್ತಿದ್ದಳು. ಮೈಯೊಳಗೇ ರೇಡಿಯೇಷನ್ ಔಷಧಿ ಕೊಡುವ ಬೇರೆ ಚಿಕಿತ್ಸೆಗಳಿವೆ, ದೂರ ಇರಬೇಕು ಅನ್ನುವ ಮಾತು ಅಲ್ಲಿಂದ ಬಂದಿದ್ದು.

ಹೆದರಿಕೆ ಹುಟ್ಟಿಸುವುದು ಮಾಸ್ಕ್. ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದಿಂದ ಹೆಗಲವರೆಗೆ ಒತ್ತುತ್ತಾರೆ. ಅದು ನಿಮ್ಮ ಮುಖದ ಆಕಾರಕ್ಕೇ ಗಟ್ಟಿಯಾಗುತ್ತದೆ. ಆಮೇಲೆ ದಿನಾ ಅದನ್ನು ಹಾಕಿ ಮಂಚಕ್ಕೆ ಬಿಗಿಯುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗಬಾರದು ಅಂತ. ಉಸಿರಾಟಕ್ಕೆ ತೊಂದರೆಯಿಲ್ಲ, ಆದರೆ ಕಟ್ಟಿಹಾಕಿದ ಹಾಗೆ ಅನಿಸುವುದು ನಿಜ. ಹೊರಗೆ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೈ ಎತ್ತಿದರೆ ನಿಲ್ಲಿಸಿ ಒಳಗೆ ಬರುತ್ತಾರೆ. ನಾನು ಕಣ್ಣು ಮುಚ್ಚಿ ನಮ್ಮ ತೋಟದ ಮೇಲಿನ ಸಾಲಿಂದ ಅಡಿಕೆ ಮರ ಎಣಿಸುತ್ತಾ ಬರುತ್ತಿದ್ದೆ. ನೂರೈವತ್ತು ದಾಟುವ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಮುಗಿದ ಮೇಲೆ ಮಾಸ್ಕ್ ನನಗೇ ಕೊಟ್ಟರು. ಹೆಂಡತಿ ಮನೆಯೊಳಗೆ ಬಿಡಲಿಲ್ಲ, ಈಗ ಅದು ತರಕಾರಿ ಪಟ್ಟೆಯ ಬೆರ್ಚಪ್ಪನ ಮುಖ. ಮಂಗಗಳು ಮಾತ್ರ ಹೆದರಿದ್ದು ಕಾಣೆ.

ನನಗೆ ಒಟ್ಟು 60 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ), ದಿನಕ್ಕೆ 2ರಂತೆ 30 ದಿನ. ಶನಿವಾರ, ಭಾನುವಾರ ರಜೆ. ಅಲ್ಲಿಗೆ ಆರು ವಾರ. ಸ್ವಲ್ಪ ಸ್ವಲ್ಪವೇ ಕೊಟ್ಟರೆ ಒಳ್ಳೆಯ ಜೀವಕೋಶಗಳು ನಡುವೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್‌ನವಕ್ಕೆ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಸುಮ್ನೆ ದಿನ ತಪ್ಪಿಸಬಾರದು. ನಮ್ಮಲ್ಲಿ ಮೆಷಿನ್ ಕೆಟ್ಟು ಎರಡು ದಿನ ಹೋಯಿತು, ಕೊನೆಗೆ ಸೇರಿಸಿದರು.

ಇಷ್ಟೆಲ್ಲ ಸುಲಭದ ಭಾಗ. ನಿಜವಾದ ಕೆಲಸ ಊಟದ್ದು.

ಮೊದಲ ಎರಡು ವಾರ ನನಗೆ ಏನೂ ಆಗಲಿಲ್ಲ. ಇಷ್ಟೇನಾ ಅಂದುಕೊಂಡೆ. ಮೂರನೇ ವಾರ ಬಾಯೆಲ್ಲ ಹುಣ್ಣು. ಜೊಲ್ಲು ಅಂಟಂಟಾಗಿ ಆಮೇಲೆ ಬತ್ತಿತು. ಕಾಫಿ ಸುಣ್ಣದ ನೀರಿನ ಹಾಗಾಯಿತು. ಎಂಜಲು ನುಂಗುವುದಕ್ಕೂ ಹೆದರಿಕೆ. ಮೂವತ್ತನೇ ದಿನ ತಂಗಿ ಪಾಯಸ ಮಾಡಿದ್ದಳು, ಎಲ್ಲ ಮುಗಿಯಿತಲ್ಲ ಅಂತ. ಆದರೆ ಅತಿ ಕೆಟ್ಟ ದಿನಗಳು ಅದಾದ ಮೇಲಿನ ಹತ್ತು ದಿನ. ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಇಂಗ್ಲಿಷಿನ ಒಂದು ಹಾಳೆ ಕೈಗೆ ಕೊಟ್ಟಿದ್ದರು, ಅದರಲ್ಲಿ ಇತ್ತೋ ಏನೋ. ಮೆಷಿನ್ ನಿಂತರೂ ಅದರ ಕೆಲಸ ಒಳಗೆ ಇನ್ನೂ ಒಂದೆರಡು ವಾರ ನಡೆಯುತ್ತದೆ. ನಿಮ್ಮ ಅಪ್ಪನಿಗೆ ಈಗಲೇ ಹೇಳಿಡಿ, ಇಲ್ಲದಿದ್ದರೆ ಆ ಹೊತ್ತಲ್ಲಿ ಕಾಯಿಲೆ ವಾಪಸ್ ಬಂತು ಅಂತ ಕಂಗಾಲಾಗುತ್ತಾರೆ. ನಾನು ಆಗಿದ್ದೆ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಏಳೆಂಟು ಸಲ ಬಾಯಿ ಮುಕ್ಕಳಿಸುತ್ತಿದ್ದೆ. ಹುಣ್ಣು ಬರುವ ಮೊದಲೇ ಶುರು ಮಾಡಿಸಿ. ಅಂಗಡಿಯ ಉರಿ ಮೌತ್‌ವಾಷ್ ಬೇಡ. ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ಔಷಧಿ ಬರೆದುಕೊಡುತ್ತಾರೆ, ಕೇಳಿ ಬರೆಸಿಕೊಳ್ಳಿ. ಖಾರ, ಹುಳಿ, ಟೊಮೆಟೊ ಎಲ್ಲ ಬಂದ್. ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಅನ್ನ ತೊವ್ವೆಯನ್ನು ಮಿಕ್ಸಿಗೆ ಹಾಕಿದ್ದು, ಬಾಳೆಹಣ್ಣು ಹಾಲು. ಮೆಣಸು ಹಾಕದ ಒಂದೆಲಗದ ತಂಬುಳಿ ನಾಲ್ಕನೇ ವಾರದವರೆಗೆ ಇಳಿಯಿತು, ಆಮೇಲೆ ಮಜ್ಜಿಗೆಯೂ ಉರಿಯಿತು.

ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕೋಣ ಅಂದಾಗ ನಾನು ಜಗಳ ಆಡಿದೆ. ಟ್ಯೂಬ್ ಅಂದರೆ ಕೊನೆಗಾಲ ಅಂತ ತಲೆಯಲ್ಲಿ. ಒಂಬತ್ತು ಕೆಜಿ ಇಳಿದ ಮೇಲೆ ಒಪ್ಪಿಕೊಂಡೆ. ಅಷ್ಟರಲ್ಲಿ ಮಾಸ್ಕ್ ಸಡಿಲವಾಗಿ ಹೊಸದು ಮಾಡಬೇಕಾಯಿತು. ಮುಖ ಸೊರಗಿದರೆ ಅಳತೆ ತಪ್ಪುತ್ತದೆ ನೋಡಿ. ಹಟ ಮಾಡದೆ ಮೊದಲೇ ಹಾಕಿಸಿಕೊಂಡಿದ್ದರೆ ಚೆನ್ನಾಗಿತ್ತು. ಟ್ಯೂಬ್ ಇದ್ದರೂ ದಿನಾ ನಾಲ್ಕು ಗುಟುಕು ನೀರನ್ನಾದರೂ ಬಾಯಿಂದ ನುಂಗಬೇಕು, ಇಲ್ಲವಾದರೆ ಗಂಟಲಿಗೆ ನುಂಗುವ ಅಭ್ಯಾಸವೇ ತಪ್ಪುತ್ತದೆ.

ಶುರುವಾಗುವ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದೀರಾ? ರೇಡಿಯೇಷನ್ ಆದ ಮೇಲೆ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆ. ಆಗ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಹಾಳಾದ ಹಲ್ಲನ್ನು ಮೊದಲೇ ತೆಗೆಸಬೇಕು. ನನ್ನವು ಮೂರು ಹೋದವು. ಮುಂದೆ ಯಾವತ್ತು ಹಲ್ಲು ಕೀಳಿಸುವುದಿದ್ದರೂ ರೇಡಿಯೇಷನ್ ಆಗಿದೆ ಅಂತ ಹೇಳಲೇಬೇಕು.

ಓಡಾಟದ ಮಾತು. ದೂರ ಜಾಸ್ತಿ ಇದ್ದರೆ ದಿನಾ ಓಡಾಡುವುದು ಬೇಡ, ನಾಲ್ಕನೇ ವಾರ ಬಸ್ಸಲ್ಲಿ ಕೂರುವ ಶಕ್ತಿ ಇರುವುದಿಲ್ಲ. ನಾನು ಬನಶಂಕರಿಯಲ್ಲಿ ತಂಗಿ ಮನೆಯಲ್ಲಿದ್ದೆ. ಹತ್ತಿರದವರು ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಧರ್ಮಶಾಲೆ ವಿಚಾರಿಸಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರಲು ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪೂರ್ತಿ ಪುಕ್ಕಟೆ, ಜೊತೆಯವರಿಗೆ 75 ಪರ್ಸೆಂಟ್ ರಿಯಾಯಿತಿ. ಡಾಕ್ಟರ್ ಸಹಿ ಮಾಡಿದ ಫಾರಂ ಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮೊದಲೇ ಅನುಮತಿ ಮಾಡಿಸಿಕೊಳ್ಳಿ.

ನಿಮ್ಮ ಅಪ್ಪ ಕವಳ (ಎಲೆ ಅಡಿಕೆ) ಹಾಕುತ್ತಿದ್ದರಾ? ನಾನು 30 ವರ್ಷ ಹಾಕಿದವನು. ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆಯಲ್ಲವಾ ಅನ್ನುತ್ತಿದ್ದೆ. ಕ್ಯಾನ್ಸರ್ ಬರಲು ಅಡಿಕೆಯೊಂದೇ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಕಡೆ ಇದನ್ನು ಹೇಳಿದರೆ ಜನ ಸಿಟ್ಟಾಗುತ್ತಾರೆ. ನನ್ನ ಅನ್ನವೂ ಅದರಿಂದಲೇ. ಆದರೂ ಬಾಯಿಗೆ ಮತ್ತೆ ಹಾಕಿಲ್ಲ.

ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು, ಒಂದು ತಿಂಗಳಲ್ಲಿ ಸರಿಹೋಯಿತು. ಆ ಜಾಗಕ್ಕೆ ರೇಜರ್, ಸೆಂಟು ಬೇಡ. ರುಚಿ ಬರಲು ತಿಂಗಳುಗಳೇ ಬೇಕಾದವು. ಬಾಯಿ ಒಣಗುವುದು ಪೂರ್ತಿ ಹೋಗಿಲ್ಲ, ಈಗಲೂ ನೀರಿನ ಬಾಟಲಿ ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ.

ಇನ್ನೊಂದು, ಬಾಯಿ ತೆರೆಯುವ ವ್ಯಾಯಾಮ. ಚರ್ಮ, ಸ್ನಾಯು ಒಳಗೊಳಗೇ ಬಿಗಿಯುತ್ತಾ ಹೋಗುತ್ತದೆ, ಬಿಟ್ಟರೆ ಚಮಚವೂ ಹೋಗದ ಹಾಗಾಗುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡುವುದನ್ನು ಕಲಿಸಿದ್ದರು. ಮೂರು ಬೆರಳು ಒಂದರ ಮೇಲೊಂದು ಹಿಡಿಸಿದರೆ ಸರಿ. ನನಗೆ ಈಗ ಎರಡೂವರೆ. ನಿಮ್ಮ ಅಪ್ಪನಿಗೆ ಎಷ್ಟು ಹಿಡಿಸುತ್ತದೆ ಅಂತ ಇವತ್ತೇ ನೋಡಿ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ.