ಸನ್‌ಕೋರ್ ಕಂಪನಿ ಮರಳಿನಿಂದ ಎಣ್ಣೆ ತೆಗೆಯೋದು ಹೇಗೆ? ಬಾವಿ ಕೊರೆದರೆ ಆಗಲ್ವಾ?

ಕೆನಡಾದ ಸನ್‌ಕೋರ್ ಕಂಪನಿ ಮರಳು ಅಗೆದು ಎಣ್ಣೆ ತೆಗೆಯುತ್ತದೆ ಅಂತ ಓದಿದ್ದೀರಿ. ಎಣ್ಣೆ ಬೇಕಾದರೆ ಬಾವಿ ಕೊರೆಯೋದು ಬಿಟ್ಟು ಗಣಿ ಯಾಕೆ, ಜನ ಅದನ್ನು ಅಷ್ಟೊಂದು ಬೈಯೋದು ಯಾಕೆ ಅಂತ ಕೇಳಿದ್ದೀರಿ.

ನಾನು ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮೆಕ್‌ಮರ್ರೆ ಸುತ್ತಲಿನ ಗಣಿಗಳಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಸನ್‌ಕೋರ್ ನೌಕರನಲ್ಲ, ಪಂಪು ಪೈಪು ರಿಪೇರಿ ಮಾಡುವ ಗುತ್ತಿಗೆ ಕಂಪನಿಯವನು. ಹಾಗಾಗಿ ಷೇರು ಕೊಳ್ಳಬೇಕಾ ಅಂತ ನನ್ನನ್ನು ಕೇಳಬೇಡಿ. ಪೈಪಿನೊಳಗೆ ಏನು ಹರಿಯುತ್ತದೆ ಅಂತ ಕೇಳಿ, ಹೇಳುತ್ತೇನೆ.

ಮೊದಲು ಆ ಮರಳು ಹೇಗಿರುತ್ತದೆ ನೋಡಿ. ಬೇಸಿಗೆಯಲ್ಲಿ ಒಂದು ಹಿಡಿ ತೆಗೆದುಕೊಂಡರೆ ನಮ್ಮಲ್ಲಿ ರಸ್ತೆಗೆ ಡಾಂಬರು ಹಾಕುವಾಗ ಬರುತ್ತದಲ್ಲ, ಅದೇ ವಾಸನೆ. ಕೈಗೆ ಅಂಟುತ್ತದೆ, ಬೂಟಿಗೆ ಅಂಟುತ್ತದೆ, ಸುಲಭಕ್ಕೆ ಹೋಗಲ್ಲ. ಚಳಿಗಾಲದಲ್ಲಿ ಮೈನಸ್ 40 ಡಿಗ್ರಿಗೆ ಇಳಿದಾಗ ಅದೇ ಮರಳು ಕಾಂಕ್ರೀಟಿನಷ್ಟು ಗಟ್ಟಿ. ಅಗೆಯುವ ಯಂತ್ರದ ಉಕ್ಕಿನ ಹಲ್ಲುಗಳೇ ಸವೆದು ಮುರಿಯುತ್ತವೆ. ಹೀಗೆ ಮುರಿದ ಹಲ್ಲು ಮರಳಿನ ಜೊತೆ ಕ್ರಷರ್‌ಗೆ ಬಿದ್ದರೆ ಆ ದಿನದ ಕೆಲಸ ಕೆಟ್ಟಿತು ಅಂತಲೇ ಅರ್ಥ.

ಇದರೊಳಗಿನ ಎಣ್ಣೆಯ ಹೆಸರು ಬಿಟುಮೆನ್. ಒಳ್ಳೆಯ ಮರಳಿನಲ್ಲಿ ತೂಕದ ಲೆಕ್ಕಕ್ಕೆ ಅದು ಶೇ. 10-12 ಮಾತ್ರ. ಬೆಲ್ಲದ ಪಾಕದಂತೆ ದಪ್ಪ, ತಾನಾಗಿ ಹರಿಯೋದೇ ಇಲ್ಲ. ಬಾವಿ ಕೊರೆದು ಕಾದರೆ ಒಂದು ಹನಿಯೂ ಮೇಲೆ ಬರಲ್ಲ. ಆಳದಲ್ಲಿ ಇರುವುದನ್ನು ಬಾವಿಯಿಂದಲೇ ತೆಗೆಯುತ್ತಾರೆ, ಆದರೆ ಅದಕ್ಕೆ ಮೊದಲು ಹಬೆ ಬಿಟ್ಟು ಕರಗಿಸಬೇಕು. ಅಲ್ಲಿನ ಸಂಗ್ರಹದಲ್ಲಿ ಸುಮಾರು ಶೇ. 80 ಅಂಥದ್ದೇ. ಮೇಲಿನಿಂದ 75 ಮೀಟರ್ ಒಳಗೆ ಸಿಗುವ ಉಳಿದ ಶೇ. 20ಕ್ಕೆ ಗಣಿ. ನಾನು ನೋಡಿದ್ದು ಅದನ್ನೇ.

ಅಲ್ಲಿನ ಮೂಲನಿವಾಸಿಗಳು ಇದನ್ನು ಮರದ ಅಂಟಿನ ಜೊತೆ ಬೆರೆಸಿ ದೋಣಿಯ ಬಿರುಕಿಗೆ ಮೆತ್ತುತ್ತಿದ್ದರು. 1719ರಲ್ಲಿ ವಾಪಸೂ ಎಂಬ ಕ್ರೀ ಜನಾಂಗದವನು ಇದರ ಮಾದರಿಯನ್ನು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಗೆ ತಂದು ತೋರಿಸಿದ. ಮರಳಿನಿಂದ ಎಣ್ಣೆ ಬಿಡಿಸುವ ದಾರಿ ಗಟ್ಟಿಯಾಗಿ ಸಿಕ್ಕಿದ್ದು ಮಾತ್ರ 1920ರ ದಶಕದಲ್ಲಿ, ಕಾರ್ಲ್ ಕ್ಲಾರ್ಕ್ ಎಂಬ ವಿಜ್ಞಾನಿಯಿಂದ. ಉಪಾಯ ಏನು ಅಂದರೆ ಬಿಸಿ ನೀರು. ಅಷ್ಟೇ. ಪ್ರತಿ ಮರಳಿನ ಕಣದ ಸುತ್ತ ತೆಳ್ಳಗೆ ನೀರಿನ ಪದರ ಇದೆ, ಬಿಟುಮೆನ್ ಇರೋದು ಅದರ ಹೊರಗೆ ಅನ್ನುತ್ತಾರೆ. ಅದಕ್ಕೇ ತೊಳೆದರೆ ಬಿಡುತ್ತದೆ.

ಈ ಉಪಾಯವನ್ನು ವ್ಯಾಪಾರಕ್ಕೆ ಇಳಿಸಿದ ಮೊದಲ ಕಂಪನಿ ಗ್ರೇಟ್ ಕೆನಡಿಯನ್ ಆಯಿಲ್ ಸ್ಯಾಂಡ್ಸ್, 1967ರಲ್ಲಿ. ಅದೇ ಕಂಪನಿ 1979ರಲ್ಲಿ ಸನ್‌ಕೋರ್ ಆಯಿತು. 2009ರಲ್ಲಿ ಪೆಟ್ರೋ-ಕೆನಡಾ ಇದರೊಳಗೆ ಸೇರಿತು, 2021ರಿಂದ ಪಕ್ಕದ ಸಿಂಕ್ರೂಡ್ ಗಣಿಯನ್ನು ನಡೆಸುವುದೂ ಇವರೇ.

ಈಗ ಕೆಲಸ ನೋಡಿ. ಕಾಡು ಕಡಿದು, ಜೌಗು ಮಣ್ಣು ತೆಗೆದು, ಕೆಳಗಿನ ಮರಳನ್ನು ಶವೆಲ್ ಎಂಬ ಭಾರಿ ಯಂತ್ರದಿಂದ ಅಗೆದು ಲಾರಿಗೆ ತುಂಬುತ್ತಾರೆ. ಲಾರಿ ಅಂದರೆ ನಮ್ಮ ಹೈವೇ ಲಾರಿ ಅಲ್ಲ. ದೊಡ್ಡದು ಒಂದು ಸಲಕ್ಕೆ 360 ಟನ್ ಹೊರುತ್ತದೆ, ಟೈರ್ ಒಂದೇ 4 ಮೀಟರ್ ಎತ್ತರ. ನಮ್ಮ ಪಿಕಪ್ ಗಾಡಿ ಅದರ ಡ್ರೈವರ್ ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ನಾವೆಲ್ಲ ಗಾಡಿಗೆ ಉದ್ದನೆ ಕೋಲು ಕಟ್ಟಿ, ತುದಿಯಲ್ಲಿ ಬಾವುಟ ಮತ್ತು ದೀಪ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆವು, ಜಾತ್ರೆಗೆ ಹೊರಟವರ ಹಾಗೆ. ಈಚೆಗೆ ಡ್ರೈವರೇ ಇಲ್ಲದ ಲಾರಿಗಳೂ ಬಂದಿವೆ.

ಕ್ರಷರ್‌ನಲ್ಲಿ ಹೆಂಟೆ ಒಡೆದ ಮೇಲೆ ಬಿಸಿ ನೀರು ಸೇರಿಸಿ ಗಂಜಿಯಂತೆ ಮಾಡಿ ಪೈಪಿಗೆ ತಳ್ಳುತ್ತಾರೆ. ಇಲ್ಲಿ ನನ್ನದೊಂದು ಮಾತು. ನಮ್ಮಪ್ಪ ಕುದುರೆಮುಖ ಕಂಪನಿಯಲ್ಲಿದ್ದರು. ಅಲ್ಲೂ ಅದಿರಿನ ಪುಡಿಯನ್ನು ನೀರಿಗೆ ಕಲಸಿ 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಹಾಗಾಗಿ ಸ್ಲರಿ ಅನ್ನೋದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು. ಒಂದು ವ್ಯತ್ಯಾಸ ಇದೆ. ಕುದುರೆಮುಖದ ಪೈಪಿಗೆ ಬರೀ ಸಾಗಿಸುವ ಕೆಲಸ. ಇಲ್ಲಿ ಪೈಪೇ ಅರ್ಧ ಕಾರ್ಖಾನೆ. ಕೆಲವು ಕಿ.ಮೀ. ಹೋಗುವಷ್ಟರಲ್ಲಿ ಉಂಡೆಗಳು ಕರಗಿ, ಎಣ್ಣೆ ಮರಳಿನಿಂದ ಬಿಟ್ಟು ಗಾಳಿ ಗುಳ್ಳೆಗಳಿಗೆ ಅಂಟಿಕೊಳ್ಳುತ್ತದೆ. ಮರಳು ಪೈಪಿನ ತಳವನ್ನೇ ಜಾಸ್ತಿ ತಿನ್ನುತ್ತದೆ. ಅದಕ್ಕೆ ಪೈಪನ್ನು ಆಗಾಗ ಒಂದಿಷ್ಟು ತಿರುಗಿಸಿ ಇಡುತ್ತೇವೆ, ಸವೆತ ಸುತ್ತಲೂ ಹಂಚಿಹೋಗಲಿ ಅಂತ. ನನಗೆ ಸಂಬಳ ಬರುತ್ತಿದ್ದದ್ದು ಮುಖ್ಯವಾಗಿ ಈ ತಿರುಗಿಸುವ ಕೆಲಸಕ್ಕೆ.

ಪೈಪಿನ ಕೊನೆಗೆ ಶಂಕುವಿನ ಆಕಾರದ ಭಾರಿ ತೊಟ್ಟಿ. ಮರಳು ತಳಕ್ಕೆ ಇಳಿಯುತ್ತದೆ, ಬಿಟುಮೆನ್ ನೊರೆಯಾಗಿ ಮೇಲೆ ಬರುತ್ತದೆ. ಹಾಲಿನ ಕೆನೆ ತೆಗೆದ ಹಾಗೆ ಆ ಕಪ್ಪು ನೊರೆಯನ್ನು ತೆಗೆದುಕೊಳ್ಳುತ್ತಾರೆ. ನಾಫ್ತಾ ಎಂಬ ಪೆಟ್ರೋಲಿನಂಥ ತೆಳು ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಉಳಿದ ನೀರು ಮಣ್ಣು ಬೇರೆ ಮಾಡಿ, ಆಮೇಲೆ ವಿಪರೀತ ಕಾಯಿಸಿ ಮಾಮೂಲಿ ಕಚ್ಚಾ ತೈಲದಂತೆ ಮಾಡುತ್ತಾರೆ. ಜೊತೆಗೆ ಕೋಕ್ ಎಂಬ ಕಲ್ಲಿದ್ದಲಿನಂಥ ಕಪ್ಪು ಪದಾರ್ಥ ಮತ್ತು ಗಂಧಕ ಉಳಿಯುತ್ತವೆ. ಒಂದು ಬ್ಯಾರೆಲ್‌ಗೆ ಹೆಚ್ಚುಕಡಿಮೆ 2 ಟನ್ ಮರಳು.

ಇನ್ನು ಬೈಗುಳದ ವಿಷಯ. ಕಾರ್ಬನ್ ಲೆಕ್ಕ ಇದ್ದೇ ಇದೆ, ಇಷ್ಟೆಲ್ಲ ನೀರು ಕಾಯಿಸಬೇಕಲ್ಲ. ಆದರೆ ನನ್ನ ಪ್ರಕಾರ ದೊಡ್ಡ ತಲೆನೋವು ಆ ತೊಟ್ಟಿಯ ನಡುಭಾಗದ್ದು. ಕೆಳಗೆ ಮರಳು, ಮೇಲೆ ಎಣ್ಣೆ ಅಂದೆ. ನಡುವೆ ಉಳಿಯೋದು ಜೇಡಿಯ ಬಗ್ಗಡ. ಆ ನೀರಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಮತ್ತೆ ಬಳಸುತ್ತಾರೆ, ಅದು ನಿಜ. ಆದರೆ ನುಣ್ಣನೆ ಜೇಡಿ ತಳಕ್ಕೆ ಕೂರೋದೇ ಇಲ್ಲ. ಕೆಲವು ವರ್ಷಕ್ಕೆ ಮೊಸರಿನಷ್ಟು ದಪ್ಪವಾಗುತ್ತದೆ, ಆಮೇಲೆ ದಶಕಗಟ್ಟಲೆ ಹಾಗೇ ಇರುತ್ತದೆ. ಅದನ್ನು ಕಟ್ಟೆ ಕಟ್ಟಿದ ಹೊಂಡಗಳಲ್ಲಿ ನಿಲ್ಲಿಸಿರುತ್ತಾರೆ. ಎಲ್ಲ ಕಂಪನಿಗಳದ್ದೂ ಸೇರಿಸಿದರೆ ಅಂಥ ರಾಡಿ 100 ಕೋಟಿ ಘನ ಮೀಟರಿಗೂ ಜಾಸ್ತಿ ಇದೆ.

2008ರ ಏಪ್ರಿಲ್‌ನಲ್ಲಿ ಸಿಂಕ್ರೂಡ್‌ನ ಇಂಥ ಒಂದು ಹೊಂಡಕ್ಕೆ ಬಾತುಕೋಳಿಗಳು ಇಳಿದವು. ಸುತ್ತ ಕೆರೆಗಳೆಲ್ಲ ಇನ್ನೂ ಹಿಮಗಟ್ಟಿದ್ದವು, ನೀರು ಕಾಣಿಸಿದ್ದು ಅಲ್ಲಿ ಮಾತ್ರ. 1,600ಕ್ಕೂ ಹೆಚ್ಚು ಸತ್ತವು. 2010ರಲ್ಲಿ ಕಂಪನಿಗೆ 30 ಲಕ್ಷ ಡಾಲರ್ ದಂಡ ಬಿತ್ತು. ಹಕ್ಕಿ ಇಳಿಯದ ಹಾಗೆ ಅಲ್ಲಲ್ಲಿ ಗ್ಯಾಸ್ ಫಿರಂಗಿ ಇಟ್ಟಿರುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ವಾಲ್ವ್ ಬಿಚ್ಚುತ್ತಾ ಕೂತಿದ್ದಾಗ ದೂರದಲ್ಲಿ ಅದು ಢಂ ಅನ್ನೋದು. ನಾಲ್ಕು ವರ್ಷವಾದರೂ ನನಗೆ ಅಭ್ಯಾಸ ಆಗಲೇ ಇಲ್ಲ.

ಏನೂ ಮಾಡಿಲ್ಲ ಅಂತಲ್ಲ. ಸನ್‌ಕೋರ್ ತನ್ನ ಮೊದಲ ಹೊಂಡದ ಮೇಲೆ ಮಣ್ಣು ಹರಡಿ, ಗಿಡ ನೆಟ್ಟು, 2010ರಲ್ಲಿ ವಾಪಿಸಿವ್ ಲುಕ್‌ಔಟ್ ಅಂತ ಹೆಸರಿಟ್ಟಿತು, ಅದೇ ಹಳೇ ವಾಪಸೂ ನೆನಪಿಗೆ. ಆದರೆ ಅಲ್ಲಿದ್ದ ಜೇಡಿ ರಾಡಿಯನ್ನು ಅದಕ್ಕೂ ಮೊದಲು ಬೇರೆ ಹೊಂಡಕ್ಕೆ ಪಂಪ್ ಮಾಡಿದ್ದರು.

ಊರಿಗೆ ಬಂದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಕುದುರೆಮುಖ ಗಣಿಯ ರಾಡಿ ನಿಲ್ಲಿಸಿದ ಲಕ್ಯಾ ಅಣೆಕಟ್ಟಿನ ಹೂಳು ನೋಡಿದ ಮನುಷ್ಯ. "ಅಲ್ಲಿ ಮಳೆ ಎಷ್ಟು?" ಅಂದರು. ವರ್ಷಕ್ಕೆ 400 ಮಿ.ಮೀ. ಆಸುಪಾಸು ಅಂದೆ. "ನಮ್ಮಲ್ಲಿ ಅದು ಒಂದು ವಾರದ್ದು ಮಾರಾಯ. ಹಾಗಾದ್ರೆ ಕಟ್ಟೆ ನಿಲ್ಲುತ್ತೆ ಬಿಡು. ಒಳಗಿನದ್ದನ್ನ ಏನ್ ಮಾಡ್ತಾರೆ?"

ಅಗೆದು ಮುಗಿದ ಗುಂಡಿಗೆ ತುಂಬಿ, ಮೇಲೆ ಒಳ್ಳೆ ನೀರು ನಿಲ್ಲಿಸಿ ಕೆರೆ ಮಾಡುತ್ತಾರೆ, ಸಿಂಕ್ರೂಡ್ 2012ರಿಂದ ಒಂದನ್ನು ಮಾಡಿ ನೋಡುತ್ತಿದೆ ಅಂದೆ. ಹೊಂಡದ ನೀರನ್ನು ಶುದ್ಧ ಮಾಡಿ ಅಥಾಬಾಸ್ಕಾ ನದಿಗೆ ಬಿಡಲು ಅನುಮತಿ ಕೊಡಿ ಅಂತಲೂ ಕಂಪನಿಗಳು ಕೇಳುತ್ತಿವೆ, ಕೆಳಗಿರುವ ಫೋರ್ಟ್ ಚಿಪೆವಾಯನ್ ಊರಿನವರು ಬೇಡವೇ ಬೇಡ ಅನ್ನುತ್ತಿದ್ದಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತು, "ಆ ಊರಿನವರು ಕುಡಿಯೋ ನೀರು ಅದೇ ಹೊಳೇದಾ?" ಅಂತ ಕೇಳಿದರು.