ಕಾಡಿಗೆ ಬೆಂಕಿ ಬಿದ್ದರೆ ಮೊದಲು ಹಗ್ಗ ಬಿಚ್ಚಿ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಗೋವಾದ ವಾಳಪೈಯಲ್ಲಿ ನೆಲೆಸಿದ್ದೇವೆ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದಾಗ ಹೆಲಿಕಾಪ್ಟರ್‌ಗಳು ನೀರು ಸುರಿಯುವುದನ್ನು ಸುಮ್ನೆ ನೋಡುತ್ತ ನಿಂತಿದ್ದೆವು. ಈಗ ಹತ್ತು ಕನ್ನಡದ ಹುಡುಗರು ಸೇರಿದ್ದೇವೆ. ಮತ್ತೆ ಅಂಥ ದಿನ ಬಂದರೆ ದನ, ನಾಯಿ, ಬೆಕ್ಕುಗಳಿಗೆ ನಾವೇನು ಮಾಡಬಹುದು?

ಉತ್ತರ (ಪಶುವೈದ್ಯರು): ನೀವು ಈಗಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಅರ್ಧ ಕೆಲಸ ಬೆಂಕಿಗೆ ಮುಂಚೆಯೇ ಆಗಬೇಕು.

ಫೆಬ್ರವರಿಯೊಳಗೆ ಕಾಡಂಚಿನ ಕೊಟ್ಟಿಗೆಗಳನ್ನು ಸುತ್ತಿ ಬನ್ನಿ. ಎಷ್ಟು ದನ ಇವೆ, ಮನೆಯವರು ಗೇರು ತೋಟಕ್ಕೆ ಹೋದಾಗ ಹಗ್ಗ ಬಿಚ್ಚುವವರು ಯಾರು ಅಂತ ಬರೆದಿಟ್ಟುಕೊಳ್ಳಿ. ಗೇರು ಕೊಯ್ಲಿನ ಕಾಲವೂ ಬೆಂಕಿಯ ಕಾಲವೂ ಒಂದೇ, ಅಲ್ವಾ? ಬಿಟ್ಟ ದನ ತಾನೇ ದೂರ ಓಡುತ್ತದೆ. ಕಟ್ಟಿದ ದನಕ್ಕೆ ಆ ದಾರಿಯೇ ಇಲ್ಲ. ನೈಲಾನ್ ಹಗ್ಗವಿದ್ದರೆ ಬದಲಾಯಿಸಲು ಹೇಳಿ. ಅದು ಬಿಸಿಗೆ ಕರಗಿ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಎಳೆದು ಬಿಗಿಯಾದ ಗಂಟು ಹೊಗೆಯಲ್ಲಿ ಕೈಗೆ ಬರೋದಿಲ್ಲ, ಜೊತೆಗೆ ಕುಡುಗೋಲು ಇರಲಿ. ದನ ಹೊರಗೆ ಬಂದ ಕೂಡಲೇ ಕೊಟ್ಟಿಗೆಯ ಬಾಗಿಲು ಹಾಕಿ. ಗಾಬರಿಯಾದ ಪ್ರಾಣಿ ತನ್ನ ಜಾಗಕ್ಕೇ ವಾಪಸ್ ನುಗ್ಗುತ್ತದೆ.

2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟಾಗ, ಸ್ವಯಂಸೇವಕರು ಪ್ರಾಣಿಗಳಿಗೆ ಆಶ್ರಯ ನಡೆಸಿದ್ದಷ್ಟೇ ಅಲ್ಲ, ಉಳಿದವಕ್ಕೆ ಅಲ್ಲೇ ಮೇವು, ನೀರು ಇಟ್ಟು ಬಂದರು. ಬೆಕ್ಕುಗಳಂತೂ ವಾರಗಟ್ಟಲೆ ಕಳೆದ ಮೇಲೂ ಸಿಕ್ಕವು. ಹಾಗಾಗಿ ಸಿಕ್ಕ ಪ್ರತಿ ಪ್ರಾಣಿಯ ಫೋಟೊ, ಸಿಕ್ಕ ಜಾಗ, ದಿನ ಬರೆದಿಡಿ. ಯಾರದ್ದು ಅಂತ ಹುಡುಕಲು ಅದೇ ಆಧಾರ.

ಸುಟ್ಟ ಗಾಯಕ್ಕೆ ತಣ್ಣೀರು ಹರಿಯಬಿಡಿ. ಐಸ್, ಅರಿಶಿನ, ಎಣ್ಣೆ ಯಾವುದೂ ಬೇಡ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಜೀವ ಹೋಗುತ್ತದೆ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಾಯದೆ ಡಾಕ್ಟರ ಹತ್ತಿರ ಒಯ್ಯಿರಿ. ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಮರಿಗಳನ್ನು ಮನೆಗೆ ತರಬೇಡಿ. ಇಲಾಖೆಯವರು ಹೇಳದೆ ನೀವೂ ಕಾಡಿನೊಳಗೆ ಹೋಗಬೇಡಿ.

ಜಾಸ್ತಿ ಜನ ಮರೆಯುವುದು ಆಮೇಲಿನ ದಿನಗಳನ್ನು. ಒಮ್ಮೆ ಒಂದು ಎಮ್ಮೆಕರುವನ್ನು ನೋಡಿದ್ದೆ. ಬೆಂಕಿ ಆರಿದ ದಿನ ಮೇಯುತ್ತಿತ್ತು, ಚೆನ್ನಾಗಿಯೇ ಇತ್ತು. ಮೂರನೇ ದಿನ ಮುಂಗಾಲು ಎತ್ತಿ ನಿಂತಿತು. ಗೊರಸಿನ ಮೇಲಂಚಿನಲ್ಲಿ, ಕೂದಲು ಮುಗಿಯುವಲ್ಲಿ, ಚರ್ಮ ಗೆರೆ ಎಳೆದ ಹಾಗೆ ಬಿರಿದು ನೀರು ಒಸರುತ್ತಿತ್ತು. ಬಿಸಿ ಬೂದಿ ತುಳಿದದ್ದು ಅಷ್ಟು ತಡವಾಗಿ ಕಾಣುತ್ತದೆ. ಕೆಚ್ಚಲಿನ ಗಾಯವೂ ಹಾಗೆಯೇ. ಹೊಗೆ ಕುಡಿದ ಎತ್ತನ್ನು 4ರಿಂದ 6 ವಾರ ದುಡಿಸಬೇಡಿ. ನಿಮ್ಮ ಹತ್ತು ಜನರಲ್ಲಿ ಇಬ್ಬರನ್ನು ಇದಕ್ಕೆಂದೇ ಬಿಡಿ. ಎರಡು ವಾರ ದಿನಾ ಬೆಳಿಗ್ಗೆ ಹೋಗಿ ಒಂದೊಂದು ದನದ ಕಾಲು, ಕೆಚ್ಚಲು ನೋಡಿ ಬರಲಿ.